ಅತ್ತೆಯವರ ಹರ್ಕ್ಯುಲಿಸ್ ಸೈಕಲ್ಲು

(ನಮ್ಮ ವೇದಿಕೆಯ ಮಹಿಳಾ ದಿನಾಚರಣೆಯಂದು ಆಡಿದ ಮಾತಿನ ಬರಹರೂಪ)



ಹೋದ ತಿಂಗಳು ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿ, "ನಿವೃತ್ತಿಯಾದ ಮೇಲೆ ಏನಾದರೂ ಹೊಸದು ಕಲಿತಿದ್ದೀರಾ? ಅದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಅಂದರು. ಈ ವೇದಿಕೆಯಲ್ಲಿ ಹಿಂದೆ ಮಾತಾಡಿದವರಲ್ಲಿ ವೀಣೆ ಕಲಿತವರಿದ್ದಾರೆ, ಯೋಗ ಕಲಿತವರಿದ್ದಾರೆ, ಭಗವದ್ಗೀತೆಯ ಹದಿನೆಂಟು ಅಧ್ಯಾಯವನ್ನೂ ಬಾಯಿಪಾಠ ಮಾಡಿದವರಿದ್ದಾರೆ. ನಾನು ಕಲಿತದ್ದು ಸ್ಪ್ಯಾನರ್ ಹಿಡಿಯುವುದನ್ನು. "ಅದನ್ನ ಹೇಳಬಹುದಾ?" ಅಂತ ಅಳುಕುತ್ತಲೇ ಕೇಳಿದೆ. "ಧಾರಾಳವಾಗಿ ಹೇಳಿ" ಅಂದರು. ಹಾಗಾಗಿ ಇವತ್ತು ನಾನು ಹೇಳಹೊರಟಿರುವುದು ಒಂದು ಹಳೆಯ ಸೈಕಲ್ಲನ್ನು ಬಿಚ್ಚಿ, ತೊಳೆದು, ಬಣ್ಣ ಹಚ್ಚಿ, ಮತ್ತೆ ರಸ್ತೆಗೆ ಇಳಿಸಿದ ಕಥೆ. ಅದರ ನಡುವೆ ನಾನು ಮಾಡಿದ ಒಂದು ತಪ್ಪಿನ ಕಥೆಯೂ ಹೌದು.

ಸೈಕಲ್ಲು ನಮ್ಮ ಅತ್ತೆಯವರದು. ಹರ್ಕ್ಯುಲಿಸ್, ಲೇಡೀಸ್ ಮಾಡೆಲ್. ಮುಂದಿನ ಅಡ್ಡಕಂಬಿ ಇಲ್ಲದೆ ಕೆಳಗೆ ಬಾಗಿದ ಫ್ರೇಮು, ಚೈನಿಗೆ ಪೂರ್ತಿ ಮುಚ್ಚಿದ ಕವರ್ರು, ಸರಳಿನ ಬ್ರೇಕು. ಹಿಂದಿನ ಮಡ್‌ಗಾರ್ಡಿನ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳಿವೆ. ಅದೇನು ಅಂತ ಬಹಳ ವರ್ಷ ನನಗೆ ಗೊತ್ತಿರಲಿಲ್ಲ. ಸೀರೆಯ ಸೆರಗು, ನೆರಿಗೆ ಚಕ್ರಕ್ಕೆ ಸಿಕ್ಕದ ಹಾಗೆ ದಾರದ ಬಲೆ ಕಟ್ಟುವುದಕ್ಕೆ ಆ ತೂತುಗಳು. ಅತ್ತೆ ಆ ಬಲೆಯನ್ನು ಕ್ರೋಶಾ ಕಡ್ಡಿಯಲ್ಲಿ ತಾವೇ ಹೆಣೆದುಕೊಂಡಿದ್ದರಂತೆ.

1957ರಲ್ಲಿ ಮೈಸೂರಿನಲ್ಲಿ ಅವರ ತಂದೆ ಕೊಡಿಸಿದ ಸೈಕಲ್ಲು ಅದು. ಅತ್ತೆಗೆ ಆಗ ಹದಿನೇಳು. ಅದರಲ್ಲೇ ಮಹಾರಾಣಿ ಕಾಲೇಜಿಗೆ ಹೋಗಿಬರುತ್ತಿದ್ದರು. 1963ರಲ್ಲಿ ಮದುವೆಯಾಗಿ ಮದ್ರಾಸಿಗೆ ಹೊರಟಾಗ ತವರಿನಿಂದ ಬೆಳ್ಳಿ ಸಾಮಾನು, ಹಾಸಿಗೆ, ಟ್ರಂಕಿನ ಜೊತೆ ಸೈಕಲ್ಲೂ ಹೊರಟಿತು. ಆ ಕಾಲಕ್ಕೆ ಮೈಸೂರು–ಬೆಂಗಳೂರು ಮೀಟರ್ ಗೇಜ್, ಬೆಂಗಳೂರಿನಿಂದ ಮದ್ರಾಸಿಗೆ ಬ್ರಾಡ್ ಗೇಜ್. ಬೆಂಗಳೂರಿನಲ್ಲಿ ಎಲ್ಲವನ್ನೂ ಇಳಿಸಿ ಮತ್ತೆ ಹತ್ತಿಸಬೇಕು. "ಮದುಮಗಳು ಸಾಮಾನು ಎಣಿಸೋದು ಬಿಟ್ಟು ಬ್ರೇಕ್‌ವ್ಯಾನಿನ ಹತ್ತಿರ ಸೈಕಲ್ ಕಾಯ್ತಾ ನಿಂತಿದ್ದಳು ಅಂತ ನಮ್ಮ ಕಡೆಯೋರೆಲ್ಲ ನಕ್ಕಿದ್ದರು" ಅಂತ ಅತ್ತೆ ಈಗಲೂ ಹೇಳುತ್ತಾರೆ.

ಇದರಲ್ಲಿ ಒಂದು ತಮಾಷೆ ಇದೆ. ಹರ್ಕ್ಯುಲಿಸ್ ಅಂದರೆ ಹೆಸರು ಇಂಗ್ಲೆಂಡಿನದು. ಬರ್ಮಿಂಗ್‌ಹ್ಯಾಮಿನಲ್ಲಿ 1910ರಲ್ಲಿ ಕ್ರೇನ್ ಸಹೋದರರು ಶುರುಮಾಡಿದ ಕಂಪನಿ. ಆದರೆ ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯ ಜೊತೆ ಸೇರಿ ಇದೇ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪಿಸಿದರು. ಅಂಬತ್ತೂರಿನಲ್ಲಿ ಕಾರ್ಖಾನೆ. ಹರ್ಕ್ಯುಲಿಸ್ ಸೈಕಲ್ ಇಲ್ಲಿಯೇ ತಯಾರಾಗಿ ದೇಶಕ್ಕೆಲ್ಲ ಹೋಗತೊಡಗಿತು. ನಮ್ಮಲ್ಲಿ ಅನೇಕರು ಓಡಿಸಿರಬಹುದಾದ ಬಿ.ಎಸ್.ಎ. ಲೇಡಿಬರ್ಡ್ ಕೂಡ ಅದೇ ಮನೆಯ ಕೂಸು.

ಈ ಸೈಕಲ್ಲನ್ನು ಮೊದಲ ಸಲ ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋದಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಅದನ್ನು ಒಂದು ಸುತ್ತು ಹಾಕಿ ನೋಡಿ, "ಅಮ್ಮಾ, ಇದು ನಮ್ಮ ಊರು ವಂಡಿ, ಅಂಬತ್ತೂರು ವಂಡಿ" ಅಂದರು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಾನು ಅತ್ತೆಮನೆಗೆ ಬಂದೆ, ಅದು ತವರಿಗೆ ಬಂತು" ಅಂದರು.

ನಾವಿರುವುದು ಪಶ್ಚಿಮ ಮಾಂಬಲಂನಲ್ಲಿ, ನೆಲಮಹಡಿಯಲ್ಲಿ. ನೆಲಮಹಡಿ ಅಂದ ಕೂಡಲೇ ಚೆನ್ನೈಯವರಿಗೆ ಮುಂದಿನ ಕಥೆ ಗೊತ್ತಾಗುತ್ತದೆ. 2015ರ ಡಿಸೆಂಬರ್ ಮಳೆಯಲ್ಲಿ ಮೆಟ್ಟಿಲ ಕೆಳಗಿದ್ದ ಸೈಕಲ್ಲು ಎರಡು ದಿನ ನೀರಿನಲ್ಲಿ ಮುಳುಗಿತ್ತು. ಒರೆಸಿ ಇಟ್ಟೆವು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ಮತ್ತೆ ಮುಳುಗಿತು. ಈ ಸಲ ನೀರು ಇಳಿದಾಗ ಚಕ್ರ ತಿರುಗಲಿಲ್ಲ, ಪೆಡಲ್ ಅಲ್ಲಾಡಲಿಲ್ಲ. ಕೆಸರು ಒಣಗಿ ಸೈಕಲ್ಲೇ ಮಣ್ಣಿನ ಗೊಂಬೆಯ ಹಾಗೆ ಕಾಣುತ್ತಿತ್ತು. ನೆನೆದ ಹಾಸಿಗೆ, ಕೆಟ್ಟ ಫ್ರಿಜ್ಜಿನ ಜೊತೆ ಅದನ್ನೂ ಕೊಟ್ಟುಬಿಡೋಣ ಅಂತ ನಮ್ಮ ಯಜಮಾನರು ಗುಜರಿಯವನನ್ನು ಕರೆದರು. ಇಪ್ಪತ್ತು ಕಿಲೋ ಹತ್ತಿರ ಕಬ್ಬಿಣ. ನಾನ್ನೂರು ರೂಪಾಯಿ ಅಂದ.

ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಬೇಡ ಅನ್ನಲಿಲ್ಲ. ಬೆಲ್ ಹತ್ತಿರ ಬಂದು ಹೆಬ್ಬೆರಳಿನಿಂದ ಒತ್ತಿದರು. ಸದ್ದು ಬರಲಿಲ್ಲ. ಒಳಗೆ ಹೋದರು. ನಾನು ಗುಜರಿಯವನಿಗೆ ಫ್ರಿಜ್ಜು ಮಾತ್ರ ಕೊಟ್ಟು ಕಳಿಸಿದೆ. ಬ್ಯಾಂಕ್ ಕೆಲಸದಿಂದ ಸ್ವಯಂನಿವೃತ್ತಿ ಪಡೆದು ಮೂರು ತಿಂಗಳಾಗಿತ್ತು. ಕೈಗೊಂದು ಕೆಲಸ ಬೇಕಿತ್ತು ಅನ್ನುವುದೂ ನಿಜ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಸೈಕಲ್ ಓಡಿಸಲು ಬರುತ್ತಿರಲಿಲ್ಲ. ಹಾಸನದ ಹತ್ತಿರದ ನಮ್ಮೂರಿನಲ್ಲಿ ಅಣ್ಣಂದಿರಿಗೆ ಸೈಕಲ್ ಇತ್ತು, ನನಗೆ ಕ್ಯಾರಿಯರ್ ಇತ್ತು. ಓಡಿಸಲು ಬಾರದವಳು ರಿಪೇರಿಗೆ ಇಳಿದೆ ಅಂತ ಮನೆಯಲ್ಲಿ ಎಲ್ಲರಿಗೂ ನಗು.

ಮೊದಲ ಕೆಲಸ ಬಿಚ್ಚುವುದು. ಆ ಮೆಕ್ಯಾನಿಕ್ ಹಿರಿಯರು, "ನಾನೇ ಮಾಡಿಕೊಡ್ತೀನಿ" ಅಂದರು. "ನೀವು ಹೇಳಿ, ನಾನು ಮಾಡ್ತೀನಿ" ಅಂದೆ. ಅವರಿಗೆ ಆಶ್ಚರ್ಯ. ಆದರೆ ಹೇಳಿಕೊಟ್ಟರು. ಮನೆಯಲ್ಲಿ ಹಳೆಯ ಸೈಕಲ್ ಇರುವವರಿಗೆ ಉಪಯೋಗವಾಗಲಿ ಅಂತ ಕೆಲವು ಸಂಗತಿ ಹೇಳುತ್ತೇನೆ.

ಹಳೆಯ ಸೈಕಲ್ಲುಗಳಲ್ಲಿ ಪೆಡಲಿನ ಕ್ರಾಂಕನ್ನು ಮಧ್ಯದ ಅಚ್ಚಿಗೆ ಹಿಡಿದಿಡುವುದು ಕಾಟರ್ ಪಿನ್ ಅನ್ನುವ ಒಂದು ಸಣ್ಣ ಆಣಿ. ಒಂದು ಕಡೆ ಓರೆಯಾಗಿ ಚಪ್ಪಟೆಯಾಗಿರುತ್ತದೆ. ತುಕ್ಕು ಹಿಡಿದರೆ ಅದು ಹೊರಗೆ ಬರುವುದಿಲ್ಲ. ಎಣ್ಣೆ ಬಿಟ್ಟು ಎರಡು ರಾತ್ರಿ ಕಾಯಬೇಕು. ಆಮೇಲೆ ನಟ್ಟನ್ನು ಪೂರ್ತಿ ತೆಗೆಯದೆ, ತುದಿಯವರೆಗೆ ಸಡಿಲಿಸಿ, ಕ್ರಾಂಕಿನ ಕೆಳಗೆ ಗಟ್ಟಿಯಾದ ಆಸರೆ ಕೊಟ್ಟು ಸುತ್ತಿಗೆಯಿಂದ ಒಂದೇ ಸಲ ಬಲವಾಗಿ ಹೊಡೆಯಬೇಕು. ಹೆದರಿಕೊಂಡು ಹತ್ತು ಸಲ ಮೆಲ್ಲಗೆ ಹೊಡೆದರೆ ಪಿನ್ನಿನ ತಲೆ ಅಪ್ಪಚ್ಚಿಯಾಗುತ್ತದೆ, ಪಿನ್ ಅಲ್ಲೇ ಇರುತ್ತದೆ. ನನ್ನ ಮೊದಲ ಪಿನ್ ಹಾಗೇ ಹಾಳಾಯಿತು.

ಎರಡನೆಯದು, ಎಡಗಡೆ ಪೆಡಲಿನ ಮರೆ ಉಲ್ಟಾ. ಎಲ್ಲ ಸ್ಕ್ರೂಗಳ ಹಾಗೆ ಎಡಕ್ಕೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯುತ್ತದೆ. ತುಳಿಯುವಾಗ ತಾನಾಗಿ ಸಡಿಲವಾಗಬಾರದು ಅಂತ ಹಾಗೆ ಮಾಡಿರುವುದು. ಇದು ಗೊತ್ತಿಲ್ಲದೆ ನಾನೂ ನಮ್ಮ ಯಜಮಾನರೂ ಒಂದು ಬೆಳಗ್ಗೆಯೆಲ್ಲ ಅದನ್ನು ಬಿಗಿ ಮಾಡಿದೆವು.

ಮೂರನೆಯದು, ಗೋಲಿಗಳು. ಮಧ್ಯದ ಅಚ್ಚಿನಲ್ಲಿ ಒಂದೊಂದು ಬದಿಗೆ ಹನ್ನೊಂದು ಕಾಲಿಂಚಿನ ಉಕ್ಕಿನ ಗೋಲಿ. ಹಿಂದಿನ ಚಕ್ರದಲ್ಲಿ ಒಂಬತ್ತೊಂಬತ್ತು. ಮುಂದಿನ ಚಕ್ರದಲ್ಲಿ ಅದಕ್ಕಿಂತ ಸಣ್ಣವು, ಹತ್ತು ಹತ್ತು. ಬಿಚ್ಚುವಾಗ ಕೆಳಗೆ ಹಳೆಯ ಸೀರೆ ಹಾಸಿಕೊಳ್ಳಿ. ಇಲ್ಲದಿದ್ದರೆ ಆ ಗೋಲಿಗಳು ಉರುಳಿ ಎಲ್ಲಿ ಹೋಗುತ್ತವೋ ದೇವರೇ ಬಲ್ಲ. ನಮ್ಮ ಸೈಕಲ್ಲಿನ ಅಚ್ಚಿನಿಂದ ಗೋಲಿಗಳ ಬದಲು ಮೊದಲು ಬಂದದ್ದು ಕೆಸರು. ಎರಡು ಪ್ರವಾಹದ ಕೆಸರು. ಎಂಟು ವರ್ಷದ ಹಿಂದಿನದು ಸಿಮೆಂಟಿನ ಹಾಗಾಗಿತ್ತು.

ಬಿಡಿಭಾಗಗಳಿಗೆ ಪ್ಯಾರಿಸ್ ಹತ್ತಿರದ ರಟ್ಟನ್ ಬಜಾರಿಗೆ ಹೋದೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒಂದು ಅನುಕೂಲವಿದೆ. ಹಾಲಿನವರು, ಸಿಲಿಂಡರಿನವರು ಓಡಿಸುವ ಗಟ್ಟಿ ಕಪ್ಪು ಸೈಕಲ್ಲು ಇನ್ನೂ ತಯಾರಾಗುತ್ತಿದೆ. ಅದರ ಬ್ರೇಕಿನ ಸರಳು, ರಬ್ಬರು, ಕಾಟರ್ ಪಿನ್, ಗೋಲಿ ಎಲ್ಲವೂ ಅರವತ್ತು ವರ್ಷದ ಹಿಂದಿನ ಸೈಕಲ್ಲಿಗೂ ಹೆಚ್ಚುಕಡಿಮೆ ಹೊಂದುತ್ತವೆ. ಬೇರೆ ದೇಶಗಳಲ್ಲಿ ಹುಡುಕಿ ಹುಡುಕಿ ತರಿಸುವ ಸಾಮಾನು ಇಲ್ಲಿ ಗೋಣಿಚೀಲದಲ್ಲಿ ಇಟ್ಟುಕೊಂಡು ಮಾರುತ್ತಾರೆ. ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿ, ಮುಂದಿನದಕ್ಕೆ ಮೂವತ್ತೆರಡು. ಹೊಸದು ತಂದೆ. ಅದನ್ನು ಹೆಣೆದು ಚಕ್ರ ನೇರ ಮಾಡುವುದನ್ನು ಮಾತ್ರ ಮೆಕ್ಯಾನಿಕ್ ಹಿರಿಯರಿಗೆ ಬಿಟ್ಟೆ. ಆ ಕೈಚಳಕ ಮೂರು ತಿಂಗಳಲ್ಲಿ ಬರುವಂಥದ್ದಲ್ಲ.

ಬೆಲ್ಲಿನ ಹಿತ್ತಾಳೆಗೆ ಹುಣಸೆಹಣ್ಣು. ಅದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹ್ಯಾಂಡಲಿನ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಕ್ರೋಮಿಗಿಂತ ಅದು ಮೆದು, ಗೀರು ಬೀಳುವುದಿಲ್ಲ.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಬಂತು ಬಣ್ಣ.

ಫ್ರೇಮಿನ ಮೇಲೆ ಇದ್ದದ್ದು ಮೆರೂನ್ ಬಣ್ಣ. ನಮ್ಮ ಯಜಮಾನರು ಕಾಲೇಜಿಗೆ ಹೋಗುವಾಗ, ಲೇಡೀಸ್ ಸೈಕಲ್ ಅಂತ ಗೆಳೆಯರು ರೇಗಿಸುತ್ತಾರೆ ಎಂದು ಅಂಗಡಿಯಲ್ಲಿ ಸ್ಪ್ರೇ ಮಾಡಿಸಿದ್ದು. ಬಣ್ಣ ಬದಲಾದರೆ ಅಡ್ಡಕಂಬಿ ಬರುತ್ತದೆಯೇ! ಇರಲಿ. ಆ ಮೆರೂನ್ ಎಲ್ಲ ಕಡೆ ಎದ್ದು ಬಂದಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ತಾರಸಿಯಲ್ಲಿ ಕೂತು ವಾಟರ್ ಪೇಪರಿನಿಂದ ಉಜ್ಜತೊಡಗಿದೆ.

ಮೆರೂನಿನ ಕೆಳಗೆ ಹಸಿರು ಕಂಡಿತು. ಯಾರೋ ಬ್ರಷ್ಷಿನಲ್ಲಿ ಬಳಿದದ್ದು. ಅಲ್ಲಲ್ಲಿ ಇಳಿದು ಹನಿಗಟ್ಟಿತ್ತು, ಬ್ರಷ್ಷಿನ ಎರಡು ಕೂದಲು ಕೂಡ ಅಂಟಿಕೊಂಡಿದ್ದವು. "ಎಂಥ ಕೆಟ್ಟ ಕೆಲಸ, ಯಾರಪ್ಪಾ ಮಾಡಿದ್ದು" ಅಂತ ಮನಸ್ಸಿನಲ್ಲೇ ಬೈದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಅದರ ಕೆಳಗೆ ಮೊದಲಿನ ಕಪ್ಪು ಬಂತು. ಅದನ್ನೂ ಉಜ್ಜಿ ಸಂಜೆಗೆ ಫ್ರೇಮು, ಎರಡೂ ಮಡ್‌ಗಾರ್ಡು, ಚೈನ್ ಕವರಿನ ಹೊರಮೈ ಎಲ್ಲ ಬೆಳ್ಳಗೆ ಹೊಳೆಯುವ ಕಬ್ಬಿಣ ಮಾಡಿಟ್ಟೆ. ತುಂಬ ಹೆಮ್ಮೆಯಿಂದ ಅತ್ತೆಯನ್ನು ಕರೆದು ತೋರಿಸಿದೆ.

ಅವರು ಫ್ರೇಮಿನ ಮೇಲೆ ಕೈಯಾಡಿಸಿದರು. ಆಮೇಲೆ, "ಹಸಿರು ಎಲ್ಲಿ ಹೋಯ್ತು?" ಅಂದರು.

ಅವತ್ತು ರಾತ್ರಿ ಊಟದ ಹೊತ್ತಿಗೆ ಆ ಕಥೆ ಗೊತ್ತಾಯಿತು. ನಮ್ಮ ಯಜಮಾನರಿಗೂ ಗೊತ್ತಿರಲಿಲ್ಲ. 1968ರಲ್ಲಿ ಅತ್ತೆಗೆ ಟಿ. ನಗರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಮಗುವಿಗೆ ಮೂರು ವರ್ಷ. ಅತ್ತೆಯ ಅತ್ತೆಯವರಿಗೆ ಸೊಸೆ ಕೆಲಸಕ್ಕೆ ಹೋಗುವುದೇ ಇಷ್ಟವಿಲ್ಲ, ಅದರ ಮೇಲೆ ಸೈಕಲ್ಲಿನಲ್ಲಿ ಬೀದಿಯಲ್ಲಿ ಹೋಗುವುದಂತೂ ಸಾಧ್ಯವೇ ಇಲ್ಲ. ಒಂದು ವಾರ ಮನೆಯಲ್ಲಿ ಮಾತುಕತೆ ನಿಂತಿತ್ತು. ಮಾವನವರು ಮಾಂಬಲಂನಿಂದ ಬೀಚ್ ಸ್ಟೇಷನ್ನಿಗೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ಆಫೀಸಿಗೆ ಹೋಗಿ ಬರುತ್ತಿದ್ದ, ಅಮ್ಮನ ಎದುರು ದನಿ ಎತ್ತದ ಮನುಷ್ಯ. ಅವರು ಹೆಂಡತಿಯ ಪರವಾಗಿ ಒಂದು ಮಾತೂ ಆಡಲಿಲ್ಲ. ಭಾನುವಾರ ಬೆಳಗ್ಗೆ, ಕಿಟಕಿಯ ಕಂಬಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣದ ಡಬ್ಬಿ ತೆಗೆದರು. ಮೂಲೆಯಲ್ಲಿದ್ದ ಸೈಕಲ್ಲನ್ನು ಅಂಗಳಕ್ಕೆ ತಂದು, ಅಮ್ಮ ಕೂತು ನೋಡುತ್ತಿದ್ದ ಹಾಗೆಯೇ, ಇಡೀ ದಿನ ಕೂತು ಬಳಿದರು. ಜೀವನದಲ್ಲಿ ಬ್ರಷ್ ಹಿಡಿದವರಲ್ಲ. ಸಂಜೆ ಚಕ್ರಕ್ಕೆ ಗಾಳಿ ಹೊಡೆದು ಗೇಟಿನ ಹತ್ತಿರ ಮುಖ ಬೀದಿಗೆ ಮಾಡಿ ನಿಲ್ಲಿಸಿದರು. ಸೋಮವಾರ ಅತ್ತೆ ಅದನ್ನು ಹತ್ತಿ ಶಾಲೆಗೆ ಹೋದರು. ಬಣ್ಣ ಪೂರ್ತಿ ಒಣಗಿರಲಿಲ್ಲ. ಸೀರೆಯ ಅಂಚಿಗೆ ಹಸಿರು ಹತ್ತಿತ್ತಂತೆ. ಅದಾದ ಮೇಲೆ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಅತ್ತೆ ನಿವೃತ್ತಿಯಾಗುವವರೆಗೂ ಪಾಠ ಹೇಳಿದರು.

ಮಾವನವರು 1986ರಲ್ಲಿ ತೀರಿಕೊಂಡರು. ನಾನು ಈ ಮನೆಗೆ ಬಂದದ್ದು 1990ರಲ್ಲಿ. ನಾನು ಅವರನ್ನು ಕಂಡವಳಲ್ಲ. ಅವರ ಕೈಬರಹದ ಹಾಗಿದ್ದ ಅದೊಂದನ್ನು ನಾನು ಒಂದೇ ಮಧ್ಯಾಹ್ನದಲ್ಲಿ, ಬೈದುಕೊಳ್ಳುತ್ತ, ಉಜ್ಜಿ ತೊಳೆದು ಮೋರಿಗೆ ಬಿಟ್ಟಿದ್ದೆ.

"ನನಗೆ ಗೊತ್ತಿರಲಿಲ್ಲ ಅತ್ತೆ" ಅಂದೆ. "ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೋಗ್ಲಿ ಬಿಡು" ಅಂದರು. ನಮ್ಮ ಮನೆಗಳಲ್ಲಿ "ಹೋಗ್ಲಿ ಬಿಡು" ಅನ್ನುವ ಮಾತು ಎಷ್ಟು ಭಾರ ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಬೈದಿದ್ದರೆ ಹಗುರವಾಗುತ್ತಿತ್ತು. ಹತ್ತು ದಿನ ನಾನು ತಾರಸಿಗೆ ಹೋಗಲಿಲ್ಲ. ಬರಿಯ ಕಬ್ಬಿಣ ನಮ್ಮ ಸಮುದ್ರದ ಗಾಳಿಗೆ ಎರಡೇ ದಿನದಲ್ಲಿ ಕೆಂಪಾಗತೊಡಗಿತು.

ಅಷ್ಟರಲ್ಲಿ ಅಮೆರಿಕದಲ್ಲಿರುವ ಮಗ, "ಅಮ್ಮಾ, ಹಸಿರೇ ಹಚ್ಚಿಬಿಡು, ಹಳೆಯ ಶೇಡ್ ಹೊಂದಿಸಿಕೊಡುವ ಅಂಗಡಿಗಳಿವೆ" ಅಂದ. ನನಗೂ ಅದೇ ಸರಿ ಅನ್ನಿಸಿತು. ತಪ್ಪು ಮುಚ್ಚಿಹೋಗುತ್ತದಲ್ಲ! ಅತ್ತೆ ಒಪ್ಪಲಿಲ್ಲ. "ಅವರು ಬಳಿದದ್ದು ಅವರು ಬಳಿದದ್ದು. ಅಂಗಡಿಯಿಂದ ತಂದು ಹಚ್ಚಿದರೆ ಅದು ಬೇರೆ ಹಸಿರು. ನಮ್ಮಪ್ಪ ಕೊಡಿಸಿದಾಗ ಕಪ್ಪು ಇತ್ತು. ಕಪ್ಪೇ ಹಚ್ಚು" ಅಂದರು.

ಮತ್ತೆ ಕೆಲಸಕ್ಕೆ ಕೂತಾಗ ಚೈನ್ ಕವರ್ ತಿರುಗಿಸಿ ನೋಡಿದೆ. ಹೊರಮೈ ಮಾತ್ರ ಉಜ್ಜಿದ್ದೆ. ಚಕ್ರದ ಕಡೆಗಿರುವ ಒಳಮೈಗೆ ನಾನು ಕೈ ಹಾಕಿರಲಿಲ್ಲ. ಮೆರೂನ್ ಸ್ಪ್ರೇ ಮಾಡಿದವರೂ ಕವರ್ ಬಿಚ್ಚುವ ಕಷ್ಟ ತೆಗೆದುಕೊಂಡಿರಲಿಲ್ಲ. ಅಲ್ಲಿ ಗ್ರೀಸು, ಕೆಸರಿನ ಕೆಳಗೆ ಮೊಳದುದ್ದ ಹಸಿರು ಹಾಗೇ ಇತ್ತು. ಇಳಿದ ಹನಿಯೂ ಇತ್ತು. ಹತ್ತಿಯಲ್ಲಿ ಸೋಪಿನ ನೀರು ಅದ್ದಿ ಒಂದೊಂದು ಅಂಗುಲವಾಗಿ ತೊಳೆದೆ. ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಆ ಹನಿ ಇದೆಯಲ್ಲ, ಅವತ್ತು ಅದಕ್ಕೇ ಬೇಜಾರು ಮಾಡಿಕೊಂಡಿದ್ದರು" ಅಂದರು. ಆ ಒಳಮೈಯನ್ನು ಹಾಗೇ ಬಿಟ್ಟಿದ್ದೇನೆ. ತೆಳ್ಳಗೆ ವ್ಯಾಕ್ಸ್ ಸವರಿದ್ದು ಬಿಟ್ಟರೆ ಇನ್ನೇನೂ ಮಾಡಿಲ್ಲ.

ಇನ್ನು ಬಣ್ಣದ ಬಗ್ಗೆ ತಿಳಿದುಕೊಂಡದ್ದನ್ನು ಹೇಳಿಬಿಡುತ್ತೇನೆ. ನಾನು ಮಾಡಿದ ಇನ್ನೊಂದು ತಪ್ಪು ನೀವು ಮಾಡಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಬಾರದು ಅನ್ನುವ ನಿಯಮ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಿಂದಿನ ಕಿಟಕಿ, ಬಾಗಿಲು, ತೊಟ್ಟಿಲು, ಸೈಕಲ್ ಯಾವುದನ್ನೂ ಒಣದಾಗಿ ಉಜ್ಜಬೇಡಿ. ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನೂ ಗರ್ಭಿಣಿಯರನ್ನೂ ಹತ್ತಿರ ಬಿಡಬೇಡಿ. ತೊಳೆದ ನೀರನ್ನು ನನ್ನ ಹಾಗೆ ಮೋರಿಗೆ ಬಿಡದೆ, ಆ ರಾಡಿಯನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ಕಟ್ಟಿ ಬೇರೆ ಇಡಿ.

ಪೌಡರ್ ಕೋಟಿಂಗ್ ಮಾಡಿಸಿ, ಗಟ್ಟಿಯಾಗಿರುತ್ತದೆ ಅಂತ ಅನೇಕರು ಹೇಳಿದರು. ನಿಜ. ಆದರೆ ಅದನ್ನು ಸುಮಾರು 180–200 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ, ಅದಕ್ಕೆ ಮೊದಲು ಒಳಗೂ ಹೊರಗೂ ಪೂರ್ತಿ ಕೆರೆದು ತೆಗೆಯುತ್ತಾರೆ. ಉಳಿದಿದ್ದ ಹಸಿರೂ ಹೋಗುತ್ತಿತ್ತು. ಪದರವೂ ದಪ್ಪ. ಹಳೆಯ ಫ್ರೇಮಿನಲ್ಲಿ ಕೊಳವೆ ಕೂಡುವ ಕಡೆ ಇರುವ ಚೂಪಾದ ಅಂಚುಗಳು ಮುಚ್ಚಿಹೋಗುತ್ತವೆ. ಆದ್ದರಿಂದ ರೆಡ್ ಆಕ್ಸೈಡ್ ಪ್ರೈಮರ್ ನಾನೇ ಹಚ್ಚಿ, ಒಣಗಿಸಿ, ನಯವಾಗಿ ಉಜ್ಜಿ, ಕಪ್ಪು ಬಣ್ಣವನ್ನು ಮಾತ್ರ ಸ್ಪ್ರೇ ಮಾಡಿಸಿದೆ. ಸ್ಪ್ರೇ ಮಾಡುವವರು ಹೇಳಿದ ಒಂದು ಮಾತು ಚೆನ್ನೈಯಲ್ಲಿ ಮುಖ್ಯ. ಗಾಳಿಯಲ್ಲಿ ತೇವ ಹೆಚ್ಚಿರುವಾಗ ಬೇಗ ಒಣಗುವ ಲ್ಯಾಕರ್ ಬಣ್ಣದ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಕೆಲಸ ಬೇಡ. ನಾವು ಶಿವರಾತ್ರಿ ಆದ ಮೇಲೆ ಮಾಡಿಸಿದೆವು.

ಕಪ್ಪು ಆಯಿತು. ಇನ್ನು ಚಿನ್ನದ ಗೆರೆ. ಹಳೆಯ ಸೈಕಲ್ಲುಗಳ ಫ್ರೇಮಿನ ಮೇಲೆ ತೆಳ್ಳನೆಯ ಬಂಗಾರದ ಗೆರೆಗಳಿರುತ್ತಿದ್ದವಲ್ಲ, ಅದು. ಮುಂದಿನ ಫೋರ್ಕಿನ ಒಳಬದಿಯಲ್ಲಿ ಒಂದು ಗೇಣಿನಷ್ಟು ಹಳೆಯ ಗೆರೆ ಉಳಿದಿತ್ತು. ಸ್ಪ್ರೇಗೆ ಮೊದಲು ಅದರ ಅಳತೆ ತೆಗೆದು ಫೋಟೋ ಹಿಡಿದಿಟ್ಟುಕೊಂಡಿದ್ದೆ. ಅಷ್ಟರ ಮಟ್ಟಿಗೆ ಬುದ್ಧಿ ಬಂದಿತ್ತು! ಸ್ಟಿಕರ್ ಅಂಟಿಸೋಣ ಅಂದರು. ನಮ್ಮ ಬೀದಿಯಲ್ಲಿ ಹಿಂದೆ ಅಂಗಡಿ ಬೋರ್ಡು ಬರೆಯುತ್ತಿದ್ದವರೊಬ್ಬರಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತು ಈಗ ಮನೆಗಳಿಗೆ ಬಣ್ಣ ಹೊಡೆಯುತ್ತಾರೆ. ಅವರನ್ನು ಕೇಳಿದೆ. ಉದ್ದ ಕೂದಲಿನ ಒಂದು ಸಣ್ಣ ಬ್ರಷ್ ತಂದುಕೊಟ್ಟು, "ನೀವು ಬಾಗಿಲಲ್ಲಿ ಕೋಲಂ ಹಾಕುವುದನ್ನು ದಿನಾ ನೋಡ್ತೀನಮ್ಮಾ, ನಿಮ್ಮ ಕೈಯಲ್ಲೇ ಆಗುತ್ತೆ" ಅಂದರು.

ನಲವತ್ತು ವರ್ಷ ರಂಗೋಲಿ ಎಳೆದ ಕೈ. ಆದರೂ ಮೊದಲ ದಿನ ಗೆರೆ ಹಾವಿನ ಹಾಗೆ ಹರಿಯಿತು. ಕಿರುಬೆರಳನ್ನು ಕೊಳವೆಯ ಮೇಲೆ ಊರಿಕೊಳ್ಳಿ, ಬ್ರಷ್ಷನ್ನು ತಳ್ಳಬೇಡಿ, ನಿಮ್ಮ ಕಡೆಗೆ ಎಳೆಯಿರಿ, ಬ್ರಷ್ಷಿನ ತುದಿ ನೋಡಬೇಡಿ, ಗೆರೆ ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ ಅಂತ ಅವರು ಹೇಳಿಕೊಟ್ಟರು. ಹಳೆಯ ಸ್ಟೀಲ್ ಡಬ್ಬಿಗಳ ಮೇಲೆ ಒಂದು ವಾರ ಅಭ್ಯಾಸ ಮಾಡಿ, ಆಮೇಲೆ ಸೈಕಲ್ಲಿಗೆ ಎಳೆದೆ. ಪೂರ್ತಿ ನೇರ ಇಲ್ಲ. ಹತ್ತಿರದಿಂದ ನೋಡಿದರೆ ಯಾರೋ ಕೈಯಲ್ಲಿ ಎಳೆದದ್ದು ಅಂತ ಗೊತ್ತಾಗುತ್ತದೆ. ಮಡ್‌ಗಾರ್ಡಿನ ತೂತುಗಳಿಗೆ ದಾರದ ಬಲೆಯನ್ನು ಅತ್ತೆ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಹೆಣೆದುಕೊಟ್ಟರು. ಹಸಿರು ದಾರ. ಬಣ್ಣ ಅವರೇ ಆರಿಸಿದ್ದು.

ಮಹಿಳಾ ದಿನದಂದು ಸೈಕಲ್ಲಿನ ಮಾತು ಬಂದಾಗ ಪುದುಕ್ಕೋಟೈಯನ್ನು ನೆನೆಯದೆ ಇರಬಾರದು. 1990ರ ದಶಕದ ಆರಂಭದಲ್ಲಿ ಅಲ್ಲಿ ಶೀಲಾ ರಾಣಿ ಚುಂಕತ್ ಅವರು ಜಿಲ್ಲಾಧಿಕಾರಿಯಾಗಿದ್ದಾಗ ಅರಿವೊಳಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸುವುದೂ ನಡೆಯಿತು. ಅಕ್ಷರ ಕಲಿತ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ಲೂ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದರ ಬಗ್ಗೆ ಬರೆದಿದ್ದಾರೆ. ಕೆಲವರು ಗಂಡಸರ ಸೈಕಲ್ಲನ್ನೇ ಇಷ್ಟಪಟ್ಟರಂತೆ. ಯಾಕೆಂದರೆ ಅದರ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದು! ನಮ್ಮ ಕರ್ನಾಟಕದಲ್ಲೂ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ಸಾಲಾಗಿ ಸೈಕಲ್ಲಿನಲ್ಲಿ ಹೋಗುವ ಹುಡುಗಿಯರು ಈಗ ನಮ್ಮೂರಿನಲ್ಲಿ ಯಾರಿಗೂ ವಿಶೇಷವಲ್ಲ. ಆದರೆ ಅದಕ್ಕೆ ಮೊದಲು ಒಂದೊಂದು ಮನೆಯಲ್ಲೂ ಯಾರೋ ಒಬ್ಬರು ಗೇಟಿನ ಹತ್ತಿರ ಸೈಕಲ್ ತಂದು ನಿಲ್ಲಿಸಬೇಕಾಗಿತ್ತು. ಅದು ಎಲ್ಲೂ ದಾಖಲಾಗುವುದಿಲ್ಲ. ನಮ್ಮ ಮನೆಯಲ್ಲಿ ಅದು ಒಂದು ಬಣ್ಣದ ಪದರದಲ್ಲಿ ದಾಖಲಾಗಿತ್ತು.

ಕೊನೆಯದಾಗಿ ಒಂದು ಮಾತು. ಸೈಕಲ್ ತಯಾರಾದ ಮೇಲೆ ಓಡಿಸುವವರು ಬೇಕಲ್ಲ? ಅತ್ತೆಗೆ ಮಂಡಿನೋವು. ಯಜಮಾನರಿಗೆ ಈಗಲೂ ಲೇಡೀಸ್ ಸೈಕಲ್ಲು! ಹಾಗಾಗಿ ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಕಲಿತೆ. ಬೆಳಗ್ಗೆ ಐದೂವರೆಗೆ, ಬೀದಿಯಲ್ಲಿ ಹಾಲಿನವರು ಬಿಟ್ಟರೆ ಯಾರೂ ಇಲ್ಲದ ಹೊತ್ತಿನಲ್ಲಿ. ಅತ್ತೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. "ಚಕ್ರ ನೋಡಬೇಡ, ದಾರಿ ನೋಡು" ಅಂತ ಅಲ್ಲಿಂದಲೇ ಕೂಗುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ದನಿ. ಇಡೀ ಬೀದಿ ಎದ್ದಿರಬೇಕು.

ಮೂರನೆಯ ದಿನ ವಿದ್ಯುತ್ ಕಂಬಕ್ಕೆ ಹೋಗಿ ಗುದ್ದಿದೆ. ನನಗೇನೂ ಆಗಲಿಲ್ಲ. ಫ್ರೇಮಿನ ಮೇಲೆ, ಸರಿಯಾಗಿ ಚಿನ್ನದ ಗೆರೆಯ ಮೇಲೆ, ಎರಡು ಅಂಗುಲ ಬಣ್ಣ ಹಾರಿತು. ಅಳು ಬರುವ ಹಾಗಾಯಿತು. ಒಳಗೆ ಹೋಗಿ ಬ್ರಷ್ಷು, ಬಣ್ಣದ ಡಬ್ಬಿ ತಂದೆ. ಅತ್ತೆ ಆ ಗೀರನ್ನು ನೋಡಿ, ಹೆಬ್ಬೆರಳಿನಿಂದ ಸವರಿ, "ಇರ್ಲಿ ಬಿಡು" ಅಂದರು.

ಗಮನಿಸಿ, ಅವತ್ತು "ಹೋಗ್ಲಿ ಬಿಡು" ಅಂದಿದ್ದರು. ಈ ಸಲ "ಇರ್ಲಿ ಬಿಡು". ನಾನು ಡಬ್ಬಿ ಮುಚ್ಚಿಟ್ಟೆ. ಗೀರು ಇನ್ನೂ ಇದೆ, ತುಕ್ಕು ಹಿಡಿಯದಂತೆ ಆಗಾಗ ಎಣ್ಣೆ ಸವರುತ್ತೇನೆ.

ನಿಮ್ಮ ಅಟ್ಟದಲ್ಲಿ, ಮೆಟ್ಟಿಲ ಕೆಳಗೆ, ಊರಿನ ಮನೆಯ ಕೊಟ್ಟಿಗೆಯಲ್ಲಿ ಸೈಕಲ್ಲೋ, ಹೊಲಿಗೆ ಯಂತ್ರವೋ, ತೊಟ್ಟಿಲೋ ಇರಬಹುದು. ದಯವಿಟ್ಟು ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಕಷ್ಟವಲ್ಲ. ಎಡಗಡೆ ಪೆಡಲ್ ಉಲ್ಟಾ ಅನ್ನುವುದು ನೆನಪಿರಲಿ, ಅಷ್ಟೆ. ಆದರೆ ಉಜ್ಜುವ ಮೊದಲು ಮನೆಯ ಹಿರಿಯರ ಪಕ್ಕ ಕೂತು, ಈ ಬಣ್ಣ ಯಾರು ಹಚ್ಚಿದ್ದು ಅಂತ ಒಂದು ಮಾತು ಕೇಳಿ. ಅವರು ಇರುವಾಗಲೇ ಕೇಳಿ.

ಸೈಕಲ್ ನೋಡಬೇಕು ಅನ್ನುವವರು ಯಾವಾಗ ಬೇಕಾದರೂ ಮಾಂಬಲಂಗೆ ಬನ್ನಿ. ಕಾಫಿ ಕೊಡುತ್ತೇನೆ. ಬೆಲ್ ಒತ್ತಿ ನೋಡಿ. ಈಗ ಸದ್ದು ಬರುತ್ತದೆ.